ಡ್ರಾಪ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ

ಐದು ವರ್ಷದ ಹಿಂದೆ ಮಗಳಿಗೆ ಒಂದು ಮಾತು ಕೊಟ್ಟಿದ್ದೆ...

"ಯಾರು ಬೇಡ ಅಂದ್ರೂ, ನಿನ್ನ ಖೋ-ಖೋಗೆ ಅಪ್ಪ ಅಡ್ಡ ಬರಲ್ಲ ವಾರುಣಿ."

ನಾನು ಸ್ಕೂಲ್ ವ್ಯಾನ್ ಡ್ರೈವರ್. ನನ್ನ ಇಡೀ ದಿನದ ಇಂಗ್ಲಿಷ್ ಎರಡೇ ಪದ... ಪಿಕಪ್, ಡ್ರಾಪ್.

ಊರ ಮಕ್ಕಳನ್ನೆಲ್ಲ ಬಿಟ್ಟು, ಬೆಳಿಗ್ಗೆ ನನ್ನ ಮಗಳನ್ನು ಅವಳ ಹೈಸ್ಕೂಲಿಗೆ ಬಿಡುವುದು ಕೊನೆಗೆ. ಸಂಜೆ ಕರೆತರುವುದೂ ಕೊನೆಗೆ.

ಮೊನ್ನೆ ಮಧ್ಯಾಹ್ನ ಅವಳ ಪಿ.ಟಿ. ಮೇಷ್ಟ್ರ ಫೋನ್ ಬಂತು. ವ್ಯಾನ್ ತುಂಬ ಯುಕೆಜಿ ಮಕ್ಕಳ ಗಲಾಟೆ...

"ದಿನಾ ಲೇಟಾಗ್ತಾ ಇದೆಯಲ್ರೀ... ಅದಕ್ಕೆ ವಾರುಣೀನ ಡ್ರಾಪ್ ಮಾಡೋಣ ಅಂತ. ತಕರಾರಿದ್ರೆ ಈಗ್ಲೇ ಹೇಳಿ, ನಾಲ್ಕಕ್ಕೆ ಲಿಸ್ಟ್ ಕಳಿಸ್ಬೇಕು."

ಅವರೇ ಮಗಳನ್ನು ಮನೆಗೆ ಬಿಡುತ್ತಾರಂತೆ... ನನ್ನ ಕಷ್ಟ ಒಬ್ಬರಿಗಾದರೂ ಕಂಡಿತಲ್ಲ!

"ತಕರಾರು ಎಂಥದ್ದು ಸರ್? ನಾನೇ ಕೇಳೋಣ ಅಂತಿದ್ದೆ. ಡ್ರಾಪ್ ಮಾಡಿ, ನಿಮಗೆ ಪುಣ್ಯ ಬರುತ್ತೆ!"

ಮೇಷ್ಟ್ರು ಮತ್ತೊಮ್ಮೆ ಕೇಳಿದರು...

"ನಿಜವಾಗ್ಲೂ ಬೇಜಾರಿಲ್ವಾ?"

"ನಂಗೆ ಒಂದು ಟ್ರಿಪ್ ಉಳೀತು ಸರ್!" ಎಂದು ನಕ್ಕೆ.

ಸಂಜೆ ಮಗಳು ನಡೆದೇ ಬಂದಳು. ಹೆಗಲ ಚೀಲ ಇಳಿಸಲಿಲ್ಲ.

"ಯಾಕವ್ವ, ಮೇಷ್ಟ್ರು ಗಾಡೀಲಿ ಬಿಡ್ಲಿಲ್ವಾ?"

"ಯಾವ ಗಾಡಿ ಅಪ್ಪಾಜಿ? ಬೆಳಿಗ್ಗೆ ಪ್ರಾಕ್ಟೀಸಿಗೆ ಲೇಟ್ ಅಂತ ಟೀಮಿಂದಾನೇ ಡ್ರಾಪ್ ಮಾಡಿದಾರೆ."

ಆಮೇಲೆ ಗೋಡೆ ಕಡೆ ತಿರುಗಿ ಹೇಳಿದಳು...

"ನಿಮ್ಮಪ್ಪಂಗೇ ಖುಷಿ, ಇನ್ ನಂದೇನಮ್ಮ ಅಂದ್ರು ಮೇಷ್ಟ್ರು, ಎಲ್ಲರ ಮುಂದೆ. ನಾನು ಸ್ಟೇಟ್‌ಗೆ ಆಡೋದು ನಿಮಗೆ ಬೇಡ ಅಂತಿದ್ರೆ, ನನ್ ಹತ್ರಾನೇ ಹೇಳ್ಬಹುದಿತ್ತಲ್ಲ..."

ಮಕ್ಕಳನ್ನು ಬಿಡುವುದೂ ಡ್ರಾಪ್... ಫೋನ್ ಕಟ್ಟಾದರೂ ಕಾಲ್ ಡ್ರಾಪ್... ಕಣ್ಣಿಗೆ ಹಾಕುವುದೂ ಡ್ರಾಪ್ಸ್... ಓದು ನಿಲ್ಲಿಸಿದರೂ ಡ್ರಾಪ್... ಹೆಸರು ಹೊಡೆದು ಹಾಕಿದರೂ ಅದೇ ಡ್ರಾಪ್ ಅಂತೆ!

ದಿನಕ್ಕೆ ಐವತ್ತು ಸಲ ಆಡುವ ಪದ. ನನಗೆ ಗೊತ್ತಿದ್ದದ್ದು ಒಂದೇ ಅರ್ಥ.

ಮಾರನೇ ದಿನ ಬೆಳಿಗ್ಗೆಯೇ ಮೇಷ್ಟ್ರ ಮುಂದೆ ಕೈ ಮುಗಿದು ನಿಂತೆ. ಎಲ್ಲ ಕೇಳಿ ಅವರು ತಲೆ ಮೇಲೆ ಕೈ ಹೊತ್ತರು.

"ಅಯ್ಯೋ ಮಾರಾಯ್ರೇ... ಇನ್ನೊಂದು ಚಾನ್ಸ್ ಕೊಡಿ ಸರ್ ಅಂತ ಒಂದ್ ಮಾತು ಅಂದಿದ್ರೆ ಇಟ್ಕೋತಿದ್ದೆ. ಅದನ್ನ ಕೇಳೋಕೇ ಫೋನ್ ಮಾಡಿದ್ದು! ಈಗ ಲಿಸ್ಟ್ ಹೋಗಿದೆ. ನನ್ ಕೈಲಿ ಏನೂ ಇಲ್ಲ."

ಅವರ ಕೈಯಲ್ಲೂ ಇಲ್ಲ... ನನ್ನ ಕೈಯಲ್ಲೂ ಇಲ್ಲ.

ಶನಿವಾರ ಟೀಮ್ ಹೊರಟಿತು. ವಾರುಣಿ ಬಸ್ಸಿನ ತನಕ ಹೋಗಿ ಗೆಳತಿಯರಿಗೆ ಕೈ ಬೀಸಿ ಬಂದಳು.

ನಾನು ಬಾಯಿ ತೆರೆಯುವ ಮೊದಲೇ, "ಇರ್ಲಿ ಬಿಡಿ ಅಪ್ಪಾಜಿ" ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಕೊಟ್ಟ ಮಾತಿಗೆ ನಾನೇ ತಪ್ಪಿದೆ.

*ಗೊತ್ತಿಲ್ಲದ ಪದವನ್ನು ಹೇಗೂ ಕೇಳಿ ತಿಳಿಯುತ್ತೇವೆ... ಗೊತ್ತಿದೆ ಅಂದುಕೊಂಡ ಪದವನ್ನೇ ಇನ್ನೊಮ್ಮೆ ಕೇಳಬೇಕು.*

ನಿಮ್ಮ ಮಕ್ಕಳ ವಿಷಯದಲ್ಲಿ, ಪೂರ್ತಿ ಕೇಳಿಸಿಕೊಳ್ಳದೆ, ಇವತ್ತು ಯಾವ ಮಾತಿಗೆ ನೀವು "ಆಯ್ತು" ಅಂದಿರಿ?