ಗುಡ್ಡದ ತುದಿಯಿಂದ ಕಂಡ ಊರು

ಸೀತಾಫಲ ಹಣ್ಣಾದ ವಾಸನೆ ಬಂದರೆ ಈಗಲೂ ನನಗೆ ಮೊಳಕಾಲ್ಮುರಿನ ಆ ಗುಡ್ಡ ನೆನಪಾಗುತ್ತದೆ.

ಅಪ್ಪ ಅವ್ವನ ತವರಿನವರ ಜೊತೆ ಜಗಳವಾಡಿ, ಅಲ್ಲಿಗೆ ಯಾರೂ ಹೋಗಕೂಡದು ಎಂದಿದ್ದ. ಆ ದಿನ ಹಣ್ಣು ಕೀಳೋಣ ಎಂದು ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ಹಣ್ಣಿನ ಗಿಡಗಳು ಹಿಂದೆ ಉಳಿದರೂ ನಿಲ್ಲದೆ, ಗುಡ್ಡದ ನೆತ್ತಿಯ ಕಾಲುದಾರಿ ಹಿಡಿದಳು.

"ಕಾಲು ನೋಯ್ತಾವೆ ಅವ್ವಾ" ಎಂದೆ.

"ಇನ್ನೊಂಚೂರು ಬಾ ಮಗಾ, ತುದೀಲಿ ಗಾಳಿ ತಣ್ಣಗೈತೆ" ಎಂದು ನನ್ನನ್ನು ಎತ್ತಿಕೊಂಡಳು.

ತುದಿ ತಲುಪಿದಾಗ ಮಧ್ಯಾಹ್ನವಾಗಿತ್ತು. ದೂರದ ಶೇಂಗಾ ಹೊಲಗಳಾಚೆ ಬೆಳ್ಳಗೆ ಕಂಡ ಮನೆಗಳತ್ತ ಕೈ ಮಾಡಿ, "ಅದೇ ನಿಮ್ಮಜ್ಜಿ ಊರು. ಬೇವಿನಮರದ ಪಕ್ಕದ್ದು ನಮ್ಮನೆ, ಕಾಣ್ತೈತಾ?" ಎಂದಳು. ನನಗೆ ಮರ ಕಾಣಲಿಲ್ಲ. ಕಾಣ್ತೈತೆ ಎಂದೆ.

ಅವ್ವ ಬಂಡೆಯ ಮೇಲೆ ನಿಂತು, ಬಾಯಿಗೆ ಎರಡೂ ಕೈ ಹಿಡಿದು, "ಅವ್ವಾ..." ಎಂದು ಕೂಗಿದಳು. ನಾನು ಬಿದ್ದಾಗ ಕೂಗುವ ಹಾಗೆಯೇ ಇತ್ತು ಆ ದನಿ. ನಾನು ಅವಳ ಸೆರಗು ಗಟ್ಟಿಯಾಗಿ ಹಿಡಿದುಕೊಂಡೆ.