ಸೂತಕದ ಗಡ್ಡ

ಒಳಗೆ ಹೋಗಿದ್ದ ಇಬ್ಬರೂ ಬರಿಗೈಯಲ್ಲಿ ಹೊರಬಂದರು. ಆ ಊರಿನ ಸುಡುಬೇಸಿಗೆ, ಜುಲೈ ತಿಂಗಳ ನಡುಹಗಲು; ಮೈತುಂಬ ರಬ್ಬರ್ ಉಡುಪು. ಬೆಂದುಹೋಗಿ ಲಾರಿಯ ಚಕ್ರಕ್ಕೊರಗಿ ಕುಸಿದು ಕೂತರು. ರಾಸ್ಪ್‌ಬೆರಿ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಪೈಪು ಒಡೆದು ಅಮೋನಿಯ ಸೋರುತ್ತಿತ್ತು. ಫೋರ್ಕ್‌ಲಿಫ್ಟ್ ಓಡಿಸುವ ಮಿಲೆತಾ ಹಿಂದಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ, ಬೇಗ ಬರಲು ಹೇಳು ಎಂದು ಹೆಂಡತಿಗೆ ಫೋನ್ ಮಾಡಿದ್ದ. ಈಗ ಫೋನ್ ಎತ್ತುತ್ತಿರಲಿಲ್ಲ.

“ದಾರಿ ತುಂಬ ಕ್ರೇಟು ಉರುಳಿಬಿದ್ದಿವೆ. ಮುಕ್ಕಾಲು ಸರಿಸಿದ್ವಿ, ಅಷ್ಟರಲ್ಲಿ ಸಿಲಿಂಡರ್ ಖಾಲಿ ಆಗ್ತಾ ಬಂತು,” ಎಂದ ಬಂದವರಲ್ಲೊಬ್ಬ, ಏದುಸಿರು ಬಿಡುತ್ತ.

ಸುತ್ತಲಿನ ಊರುಗಳಿಗೆಲ್ಲ ಇರುವುದು ಇದೊಂದೇ ವಿಷಾನಿಲದ ತಂಡ, ಇದೊಂದೇ ಲಾರಿ. ಲಾರಿಯಲ್ಲಿ ಏನುಂಟು ಏನಿಲ್ಲ! ಅನಿಲ ಅಳೆಯುವ ಯಂತ್ರ, ತೂತು ಮುಚ್ಚುವ ಬೆಣೆಗಳು, ವಿಷ ತೊಳೆಯುವ ಷವರಿನ ಡೇರೆ, ಗಾಳಿ ತುಂಬಿದ ಸಿಲಿಂಡರುಗಳ ಸಾಲು. ಇಲ್ಲದಿದ್ದದ್ದು ಇನ್ನೊಬ್ಬ ಮನುಷ್ಯ. ತಂಡದ ಗವ್ರಿಲೊ ಉಡುಪು ತೊಟ್ಟು ಸಿದ್ಧನಾಗಿ ನಿಂತಿದ್ದ; ಆದರೆ ಒಬ್ಬನೇ ಒಳಗೆ ಹೋಗುವಂತಿಲ್ಲ. ಪಕ್ಕದ ಪ್ರಾಂತದ ತಂಡ ಬರುವಷ್ಟರಲ್ಲಿ ಮಿಲೆತಾನ ಕತೆ ಮುಗಿದಿರುತ್ತಿತ್ತು.

ಹೊರಗೇ ನಿಂತು ಎಲ್ಲರನ್ನೂ ನಡೆಸಬೇಕಾದ ತಂಡದ ನಾಯಕ ವಿತೊಮಿರ್, ಷವರಿನ ಪೈಪು ಹಿಡಿದು ನಿಂತಿದ್ದ ಒಬ್ರಾದನ ಮುಖ ನೋಡಿದ. ಮುಖವೆಲ್ಲಿ ಬಂತು, ಬರೀ ಗಡ್ಡ. ಅವರಲ್ಲಿ ಅಪ್ಪ ಸತ್ತರೆ ಮಗ ನಲವತ್ತು ದಿನ ಗಡ್ಡಕ್ಕೆ ಕತ್ತಿ ಸೋಕಿಸುವಂತಿಲ್ಲ. ಒಬ್ರಾದ್ ಅಪ್ಪನನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ಗಡ್ಡದ ಮೇಲೆ ಮಾಸ್ಕು ಕೂರುವುದಿಲ್ಲ, ಕೂದಲ ಸಂದಿಯಲ್ಲಿ ವಿಷ ನುಗ್ಗುತ್ತದೆ. ಪಾಪ, ದುಃಖದಲ್ಲಿದ್ದಾನೆ ಎಂದು ವಿತೊಮಿರನೇ ಅವನನ್ನು ನೀರು ಬಿಡುವ ಕೆಲಸಕ್ಕೆ ಹಾಕಿದ್ದ. ಆ ಕರುಣೆಗೆ ಈಗ ತನ್ನನ್ನೇ ಬೈದುಕೊಳ್ಳುತ್ತಿದ್ದ.

“ರೇಜರ್ ಮಾಸ್ಕಿನ ಪೆಟ್ಟಿಗೇಲೇ ಇದೆ. ಹೋಗು ಅಂತ ನಾನು ಹೇಳಲ್ಲ ಕಣೋ,” ಎಂದ.

“ಸಮಾಧಿ ಮುಂದೆ ಅಮ್ಮಂಗೆ ಮಾತು ಕೊಟ್ಟಿದೀನಿ,” ಎಂದ ಒಬ್ರಾದ್. “ಅಲ್ಲೇ ನಿಂತಿದಾಳೆ, ನೋಡು.”

ಜನರನ್ನು ತಡೆಯಲು ಕಟ್ಟಿದ ಹಗ್ಗದಾಚೆ, ಹಣ್ಣು ಆರಿಸುವ ಕೆಲಸದಿಂದ ಓಡಿಬಂದ ಹೆಂಗಸರ ನಡುವೆ ಕೊಸಾರಾ ನಿಂತಿದ್ದಳು. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಬೆರಳ ತುಂಬ ಹಣ್ಣಿನ ಕೆಂಪು. ಇಬ್ಬರೂ ತನ್ನತ್ತ ನೋಡಿದ್ದೇ ತಡ, ಅವಳಿಗೆ ಎಲ್ಲ ಅರ್ಥವಾಯಿತು. ಹಗ್ಗದಡಿ ನುಸುಳಿ ಬಂದಳು.

“ಬೇರೆ ಗಂಡಸ್ರೇ ಇಲ್ವಾ ನಿಮ್ಮಲ್ಲಿ? ನನ್ನ ಮಗನೇ ಬೇಕಾ?”

“ಇದ್ದಿದ್ರೆ ನಿಮ್ಮ ಮುಂದೆ ಹೀಗೆ ತಲೆ ತಗ್ಗಿಸಿ ನಿಲ್ತಿದ್ನಾ ದೊಡ್ಡಮ್ಮ?” ಎಂದ ವಿತೊಮಿರ್.

“ನಲವತ್ತು ದಿನ ಇವನ ಅಪ್ಪ ಮನೆ ಸುತ್ತಾನೇ ಇರ್ತಾರಂತೆ. ಮಗ ನುಣ್ಣಗೆ ಬೋಳಿಸ್ಕೊಂಡು ಓಡಾಡೋದು ನೋಡಿದ್ರೆ ಏನಂದ್ಕೊಳ್ಳಲ್ಲ?”

ಪಕ್ಕದಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ಮಿಲೆತಾನ ಹೆಂಡತಿ ದುನ್ಯಾ ಕೂತಿದ್ದಳು. ಫೋನು ಕಿವಿಗೆ ಹಿಡಿಯುವುದು, ಇಳಿಸುವುದು, ಮತ್ತೆ ಒತ್ತುವುದು. ಹಳದಿ ಹೂವಿನ ರವಿಕೆ ತೊಟ್ಟಿದ್ದಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೊಸಾರಾ ಆ ಹಳದಿ ಹೂಗಳನ್ನು ನೋಡಿದಳು, ತನ್ನ ಅಂಗಿಯ ಕಪ್ಪು ತೋಳನ್ನು ನೋಡಿಕೊಂಡಳು. ಗಂಡ ಹೋಗಿ ಇನ್ನೂ ಮೂರೇ ವಾರ, ಮಗನನ್ನೂ ಆ ಬಾಗಿಲೊಳಗೆ ಕಳಿಸುವುದೆಂದರೆ! ಆದರೆ ಕಳಿಸದಿದ್ದರೆ ನಾಳೆ ಈ ಹುಡುಗಿಯ ಮೈಮೇಲೂ ಕಪ್ಪೇ.

ಅವಳು ತಿರುಗುವಷ್ಟರಲ್ಲಿ ಒಬ್ರಾದ್ ಲಾರಿಯ ಪಕ್ಕದ ಕನ್ನಡಿಯ ಮುಂದೆ ರೇಜರ್ ಹಿಡಿದು ನಿಂತಿದ್ದ. ಮೊದಲ ಎಳೆತಕ್ಕೇ ಗಲ್ಲದಲ್ಲಿ ರಕ್ತ ಬಂದಿತ್ತು.

“ಕೊಡಿಲ್ಲಿ, ಕತ್ತು ಕುಯ್ಕೊಂಡೀಯ.”

ಕೊಸಾರಾ ತಲೆಯ ಕಪ್ಪು ವಸ್ತ್ರ ಬಿಚ್ಚಿ ಮಗನ ಎದೆಯ ಮೇಲೆ ಹರಡಿದಳು. ಷವರಿನ ಪೈಪಿನ ನೀರನ್ನೇ ಸವರಿ, ಅವಸರದಲ್ಲೂ ಒಂದು ಕೂದಲು ಬಿಡದೆ ಬೋಳಿಸಿದಳು. ವಿತೊಮಿರ್ ಮಾಸ್ಕು ತೊಡಿಸಿ, ಉಸಿರಿನ ದಾರಿಗೆ ಅಂಗೈ ಒತ್ತಿ ಹಿಡಿದು ಪರೀಕ್ಷಿಸಿದ.

“ಎಲ್ಲಾದ್ರೂ ಗಾಳಿ ಎಳೀತಿದೆಯಾ?”

ಒಬ್ರಾದ್ ಇಲ್ಲವೆಂದು ತಲೆಯಾಡಿಸಿದ. ಉಡುಪಿನ ಜಿಪ್ ಎಳೆದರು. ಅವನೂ ಗವ್ರಿಲೊನೂ, ಅನಿಲ ಹರಡದಂತೆ ಬಾಗಿಲಿಗೆ ಬಿಟ್ಟಿದ್ದ ನೀರಿನ ತೆರೆ ಸೀಳಿಕೊಂಡು ಒಳಹೋದರು.

ಕೊಸಾರಾ ದುನ್ಯಾಳ ಪಕ್ಕ ಹೋಗಿ ಕೂತಳು. ತಾನೇ ಕಳಿಸಿದೆನಲ್ಲ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. ವಾಕಿಟಾಕಿಯಲ್ಲಿ ಒಮ್ಮೆ “ಬಾಗಿಲು ಸಿಕ್ತು” ಎಂಬ ಗವ್ರಿಲೊನ ದನಿ ಕೇಳಿತು. ಆಮೇಲೆ ಏನೂ ಇಲ್ಲ. ವಿತೊಮಿರ್ ಕರೆದ, ಮತ್ತೆ ಕರೆದ. ಏನೂ ಇಲ್ಲ. ದುನ್ಯಾ ಅವಳ ಕೈ ಹಿಡಿದಳೋ, ಅವಳೇ ದುನ್ಯಾಳ ಕೈ ಹಿಡಿದಳೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಗೆ ನೀರಿನ ತೆರೆಯಾಚೆ ಹಸಿರು ಉಡುಪಿನ ಎರಡು ಆಕಾರಗಳು ಕಂಡವು, ನಡುವೆ ತೂಗಾಡುವ ಮೂರನೆಯದೊಂದು. ಮಿಲೆತಾ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿ ದುನ್ಯಾ ಅಳತೊಡಗಿದಳು.

ತೊಳೆಸಿಕೊಂಡು, ಮಾಸ್ಕು ಕಳಚಿ ಒಬ್ರಾದ್ ಬಂದ. ಗಡ್ಡ ಹೋದ ಕಡೆ ಚರ್ಮ ಬೆಳ್ಳಗೆ ಕಾಣುತ್ತಿತ್ತು. ತಾಯಿಯ ಎದುರು ತಪ್ಪು ಮಾಡಿದವನ ಹಾಗೆ ನಿಂತ.

“ಅಮ್ಮಾ, ಅಪ್ಪ ಏನಾದ್ರೂ ಅಂದ್ಕೊಂಡ್ರೆ...”

ಕೊಸಾರಾ ಮೊಣಕಾಲ ಮೇಲೆ ಕಪ್ಪು ವಸ್ತ್ರ ಹರಡಿಕೊಂಡು, ಒದ್ದೆ ಕೂದಲನ್ನೆಲ್ಲ ಒಟ್ಟುಮಾಡಿ ಗಂಟು ಹಾಕುತ್ತಿದ್ದಳು.

“ನಲವತ್ತನೇ ದಿನ ಇದನ್ನ ತಗೊಂಡ್ಹೋಗಿ ಅವರ ಸಮಾಧಿ ಹತ್ರ ಇಡೋಣ. ಬೆಳೆಸಿದ್ದು ನೀನು, ಬೋಳಿಸಿದ್ದು ನಾನು. ಜಗಳ ಆಡೋದಿದ್ರೆ ನನ್ನ ಹತ್ರಾನೇ ಆಡ್ಲಿ. ಬದುಕಿದ್ದಾಗ ಇನ್ಯಾರ ಹತ್ರ ಆಡಿದ್ರು?”