ಬಲಗಡೆಯ ಸಾಲು

ಬೆಂಕಿ ರೋಗದ ಶಿಲೀಂಧ್ರ ಒಂದು ಕಿಣ್ವ ಸುರಿಸಿ, ರಾಗಿ ಎಲೆಯ ಗೋಡೆಯನ್ನು ಕರಗಿಸಿಕೊಂಡು ಒಳಗೆ ನುಗ್ಗುತ್ತದೆ. ಆ ಕಿಣ್ವವನ್ನು ಕಿತ್ತುಕೊಂಡರೆ ರೋಗದ ಹಲ್ಲು ಮುರಿದಂತೆ ಎನ್ನುವುದು ಸಸ್ಯರೋಗ ವಿಜ್ಞಾನಿಯಾದ ಅವಳ ವಾದ. ಸಂಶೋಧನಾ ಕೇಂದ್ರದಲ್ಲಿ ಅದನ್ನು ಯಾರೂ ಒಪ್ಪಿರಲಿಲ್ಲ. ಬರಬರುತ್ತಾ ಅವಳನ್ನು ಊಟಕ್ಕೆ ಕರೆಯುವುದನ್ನೂ ಬಿಟ್ಟರು. ಮೂರು ವರ್ಷ ಹಸಿರುಮನೆಯ ಕುಂಡಗಳ ಜೊತೆಗೇ ಮಾತಾಡಿಕೊಂಡು ಕಳೆದಳು.

ಕೊನೆಗೂ ಫಲ ಕಂಡಿತು. ಮಾಮೂಲಿ ಶಿಲೀಂಧ್ರ ಸಿಂಪಡಿಸಿದ್ದ ಎಡಗಡೆಯ ಸಾಲು ಸುಟ್ಟ ಹಾಗೆ ಒಣಗಿತ್ತು. ಕಿಣ್ವ ತೆಗೆದ ಶಿಲೀಂಧ್ರ ಸಿಂಪಡಿಸಿದ್ದ ಬಲಗಡೆಯ ಸಾಲಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಹೇಳಿಕೊಳ್ಳೋಣವೆಂದರೆ ಅಲ್ಲಿದ್ದದ್ದು ಗಿಡಗಳಿಗೆ ನೀರು ಹಾಕುವ ಚಿಕ್ಕತಾಯಮ್ಮ ಒಬ್ಬಳೇ.

“ನಾನು ಗೆದ್ದೆ, ಚಿಕ್ಕತಾಯಮ್ಮ. ವರದಿ ಕಳಿಸಿಬಿಟ್ಟೆ.”

ಮುದುಕಿ ಸೆರಗಿಗೆ ಕೈ ಒರೆಸಿಕೊಂಡಳು.

“ಬುಡಿ ಮೇಡಂ, ನಂದೇನು ದೊಡ್ಡ ಕೆಲ್ಸ. ದಿನಾ ಆ ಬಲಗಡೆ ಸಾಲಿನ ಮುಂದೆ ಒಬ್ರೇ ಕುಂತ್ಕಂಡು ‘ನೀವಾದ್ರೂ ನನ್ ಕೈ ಬಿಡ್ಬೇಡಿ’ ಅಂತಿದ್ರಲ್ಲ, ಕೇಳಕ್ಕಾಗ್ದೆ, ನೀವು ಬರೋಕ್ ಮುಂಚೇನೇ ಚುಕ್ಕೆ ಬಿದ್ದಿದ್ ಎಲೆನೆಲ್ಲ ಚಿವುಟಾಕ್ತಿದ್ದೆ.”